ಪರೀಕ್ಷೆಗೆ ಹೋಗದ ಕೀವು: ಬಾಗಲಕೋಟೆ ಜಿಲ್ಲೆಯ ಯುವ ಪೈಲ್ವಾನನೊಬ್ಬನ ಪ್ರಕರಣ

ಜನವರಿ ಕೊನೆಯ ವಾರದ ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ಮುಧೋಳ ಸೀಮೆಯ ಹಳ್ಳಿಯೊಂದರಿಂದ ಹತ್ತೊಂಬತ್ತು ವರ್ಷದ ಹುಡುಗನನ್ನು ಬಾಗಲಕೋಟೆಯ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆತಂದರು. ಮೂರು ದಿನಗಳಿಂದ ಜ್ವರ, ಮೈಕೈ ನೋವು ಮತ್ತು ಕೆಮ್ಮು ಇದ್ದವು. ಆ ದಿನ ಮಧ್ಯಾಹ್ನದಿಂದ ಏದುಸಿರು ಶುರುವಾಗಿ, ಸಂಜೆಯ ಹೊತ್ತಿಗೆ ಕಫದಲ್ಲಿ ರಕ್ತ ಕಾಣಿಸಿತ್ತು. ಹುಡುಗ ಊರಿನ ತಾಲೀಮಿನಲ್ಲಿ ಐದು ವರ್ಷ ಮೈ ಪಳಗಿಸಿದವನು, 74 ಕಿಲೋ ತೂಕದ ಪೈಲ್ವಾನ, ಆ ವರ್ಷದ ಜಾತ್ರೆಯ ಕುಸ್ತಿಗಳಿಗೆ ತಯಾರಾಗುತ್ತಿದ್ದವನು. ಅಂಥವನಿಗೆ ಸ್ಟ್ರೆಚರ್ ಮೇಲೆ ಒಂದು ಪೂರ್ತಿ ವಾಕ್ಯ ಮಾತಾಡುವಷ್ಟೂ ಉಸಿರು ಇರಲಿಲ್ಲ. ನಾನು ಆಗ ಅದೇ ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದ ಹೊಣೆ ಹೊತ್ತಿದ್ದೆ. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಬಂದಾಗ ಅವನ ಜ್ವರ 103 ಡಿಗ್ರಿ, ನಾಡಿಬಡಿತ ನಿಮಿಷಕ್ಕೆ 138, ಉಸಿರಾಟ ನಿಮಿಷಕ್ಕೆ 40, ರಕ್ತದೊತ್ತಡ 84/50 ಇತ್ತು. ಹೊರಗಿನ ಆಮ್ಲಜನಕ ಕೊಡುವ ಮೊದಲು ರಕ್ತದ ಆಮ್ಲಜನಕದ ಮಟ್ಟ ಶೇ 82ಕ್ಕೆ ಇಳಿದಿತ್ತು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಹತ್ತಿ ಚದುರಿದಂತೆ ಬಿಳಿ ಮಚ್ಚೆಗಳು. ಇಷ್ಟನ್ನು ಯಾವುದೇ ತೀವ್ರ ನ್ಯುಮೋನಿಯಾದಲ್ಲಿ ಕಾಣಬಹುದು. ಆದರೆ ರಕ್ತದ ಎಣಿಕೆ ಬಂದಾಗ ರಾತ್ರಿ ಪಾಳಿಯ ವೈದ್ಯರು ಚೀಟಿಯನ್ನು ಎರಡು ಸಲ ನೋಡಿದರಂತೆ. ಇಷ್ಟು ದೊಡ್ಡ ಸೋಂಕಿನಲ್ಲಿ ಬಿಳಿ ರಕ್ತಕಣಗಳು 11,000ಕ್ಕಿಂತ ಮೇಲೇರಿರಬೇಕಾದಲ್ಲಿ ಇಲ್ಲಿ ಕೇವಲ 1,900 ಇದ್ದವು, ಪ್ಲೇಟ್‌ಲೆಟ್‌ಗಳು 92,000. ಗಟ್ಟಿಮುಟ್ಟಾದ ಹರೆಯದ ದೇಹ, ಫ್ಲೂ ಹಬ್ಬಿದ ಕಾಲ, ಕಫದಲ್ಲಿ ರಕ್ತ, ಕುಸಿದ ಬಿಳಿಕಣಗಳು: ಈ ನಾಲ್ಕೂ ಒಬ್ಬನಲ್ಲೇ ಕೂಡಿಬಂದರೆ ಸಾಮಾನ್ಯ ನ್ಯುಮೋನಿಯಾದ ಲೆಕ್ಕಾಚಾರವನ್ನು ಪಕ್ಕಕ್ಕಿಡಬೇಕಾಗುತ್ತದೆ.

ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಲು ತಲೆಯನ್ನು ಹೊರಳಿಸಿದಾಗ ಎಡಕಿವಿಯ ಕೆಳಗೆ ಕಪ್ಪು ಹೊಪ್ಪಳಿಕೆ ಕಟ್ಟಿದ ಒಂದು ಕುರು ಕಂಡಿತು. ಅಂಚನ್ನು ಒತ್ತಿದರೆ ಒಳಗೆ ಇನ್ನೂ ಮೆತ್ತಗಿತ್ತು. ವೈದ್ಯರು ತಾಯಿಯನ್ನು ಕೇಳಿದರು.

“ಯವ್ವಾ, ಇದು ಯಾವಾಗಿಂದ ಐತಿ?”

“ಹುಳಾ ಮುಟ್ಟೇತ್ರಿ ಸಾಹೇಬ್ರ. ಮದಲ ತೊಡಿಗಿ ಆಗಿತ್ತು, ಆಮ್ಯಾಲೆ ಬಗಲಾಗ, ಈಗ ಕುತ್ತಿಗಿಗಿ. ಗುಳಿಗಿ ತಗೊಂಡ್ರ ಕಡಿಮಿ ಆಕ್ಕೈತಿ, ಮತ್ತ ಬರತೈತಿ.”

ಈ ಪ್ರಕರಣದ ಮುಖ್ಯ ಮಾಹಿತಿಯೆಲ್ಲ ಆ ತಾಯಿಯ ಮಾತಿನಲ್ಲೇ ಇತ್ತು. ಐದು ವಾರಗಳ ಹಿಂದೆ ಬಲತೊಡೆಯ ಒಳಮಗ್ಗುಲಲ್ಲಿ ಮೊದಲ ಕುರು ಎದ್ದಾಗ ಮನೆಯವರು ಅರಿಶಿನ, ಸುಣ್ಣ ಹಚ್ಚಿದ್ದರು. ನೋವು ಹೆಚ್ಚಾಗಿ ಬೈಠಕ್ ಹೊಡೆಯಲಾಗದಿದ್ದಾಗ ಊರಿನಲ್ಲಿ ಚಿಕಿತ್ಸೆ ಕೊಡುವವರೊಬ್ಬರು ಒಂದು ಇಂಜೆಕ್ಷನ್ ಮಾಡಿ, ಸೆಫಿಕ್ಸಿಮ್ ಮತ್ತು ಓಫ್ಲಾಕ್ಸಸಿನ್ ಎಂಬ ಎರಡು ಪ್ರತಿಜೀವಕಗಳು ಸೇರಿದ ಗುಳಿಗೆಯನ್ನು ಮೂರು ದಿನಕ್ಕೆ ಕೊಟ್ಟರು. ನಾಲ್ಕನೆಯ ದಿನ ಕುರು ತಾನಾಗಿ ಒಡೆದು ಕೀವು ಹೊರಬಿದ್ದು ನೋವು ಇಳಿಯಿತು. ಕೀವು ಹೊರಬಿದ್ದದ್ದರಿಂದ ಆದ ಗುಣದ ಶ್ರೇಯಸ್ಸು ಗುಳಿಗೆಗೆ ಹೋಯಿತು. ಹತ್ತು ದಿನಗಳ ನಂತರ ಕಂಕುಳಲ್ಲಿ ಎರಡನೆಯದು ಎದ್ದಾಗ ತಂದೆ ಔಷಧ ಅಂಗಡಿಯಿಂದ ನೇರವಾಗಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ಗುಳಿಗೆಗಳನ್ನು ನಾಲ್ಕು ದಿನಕ್ಕಾಗುವಷ್ಟು ತಂದರು. ಮೂರನೆಯದಕ್ಕೆ ಮೊದಲಿನ ಗುಳಿಗೆಯ ಖಾಲಿ ಪಟ್ಟಿಯನ್ನೇ ತೋರಿಸಿ ಮತ್ತೆ ಅದನ್ನೇ ತಂದಿದ್ದರು. ಅಷ್ಟರಲ್ಲಿ ಮನೆಯಲ್ಲಿ ತಂಗಿಯ ಮೊಣಕಾಲ ಮೇಲೂ, ತಾಲೀಮಿನಲ್ಲಿ ಇನ್ನಿಬ್ಬರು ಹುಡುಗರ ಮೈಮೇಲೂ ಕುರುಗಳೆದ್ದಿದ್ದವು. ಹುಳ ಮುಟ್ಟಿದ್ದೆಂದರೆ ಒಬ್ಬನಿಗೇ ಮೂರು ಕಡೆ, ಜೊತೆಗಾರರಿಗೂ ತಂಗಿಗೂ ಹೇಗೆ ಮುಟ್ಟೀತು ಎಂದು ಯಾರೂ ಕೇಳಿರಲಿಲ್ಲ. ಈ ಐದು ವಾರಗಳಲ್ಲಿ ಮೂರು ಸಲ ಕೀವು ಬಂದಿತ್ತು, ಒಂದು ಸಲವೂ ಅದರ ಒಂದು ಹನಿ ಪ್ರಯೋಗಾಲಯಕ್ಕೆ ಹೋಗಿರಲಿಲ್ಲ.

ರಾತ್ರಿ ಹನ್ನೊಂದೂವರೆಗೆ ನನಗೆ ಫೋನ್ ಬಂದಾಗ ರಕ್ತ, ಕಫ ಮತ್ತು ಕುತ್ತಿಗೆಯ ಕುರುವಿನಿಂದ ಸಿರಿಂಜಿನಲ್ಲಿ ಎಳೆದ ಕೀವು, ಮೂರೂ ಪ್ರಯೋಗಾಲಯ ತಲುಪಿದ್ದವು. ಮಾದರಿಯಲ್ಲಿನ ಸೂಕ್ಷ್ಮಜೀವಿಯನ್ನು ಬೆಳೆಸಿ ನೋಡುವ ಕಲ್ಚರ್‌ಗೆ ರಾತ್ರಿ ಕಳೆಯಬೇಕು. ಗ್ರಾಂ ಬಣ್ಣದ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಸ್ಲೈಡಿನ ಮೇಲೆ ಕೀವನ್ನು ತೆಳ್ಳಗೆ ಹರಡಿ, ಕಾಯಿಸಿ, ಕ್ರಿಸ್ಟಲ್ ವಯಲೆಟ್, ಅಯೋಡಿನ್, ಸ್ಪಿರಿಟ್ ಮತ್ತು ಸಾಫ್ರನಿನ್ ಒಂದಾದ ಮೇಲೊಂದು ಹಾಕಿ ತೊಳೆದು, ಎಣ್ಣೆಯ ಮಸೂರದಡಿ ಇಟ್ಟಾಗ ಗಾಢ ನೇರಳೆಯ ದುಂಡು ಕಾಳುಗಳು ದ್ರಾಕ್ಷಿ ಗೊಂಚಲಿನಂತೆ ಒತ್ತಾಗಿ ನಿಂತಿದ್ದವು. ಕಫದ ಸ್ಲೈಡಿನಲ್ಲೂ ಅವೇ ಗೊಂಚಲುಗಳು. ಅವುಗಳ ನಡುವೆ ಇಡಿಯಾದ ಬಿಳಿಕಣಗಳು ತೀರ ವಿರಳವಾಗಿದ್ದು, ಒಡೆದು ಹರಡಿದ ಕೋಶಗಳ ಗುಲಾಬಿ ಕಸವೇ ಹೆಚ್ಚಿತ್ತು. ಸ್ಲೈಡ್ ನೋಡಿ ಬ್ಯಾಕ್ಟೀರಿಯಾ ಉಗುಳುವ ವಿಷದ ಹೆಸರು ಹೇಳುವುದು ಸಾಧ್ಯವಿಲ್ಲ, ಹೇಳಲೂ ಬಾರದು. ಆದರೂ ಆ ಚಿತ್ರ ಇಂದಿಗೂ ನನ್ನ ಕಣ್ಣ ಮುಂದಿದೆ.

ನಾನು ಮೇಲಿನ ಮಹಡಿಗೆ ಫೋನ್ ಮಾಡಿ, ಹೀಗೆ ಗೊಂಚಲಾಗಿ ನಿಲ್ಲುವ ಬ್ಯಾಕ್ಟೀರಿಯಾದ ಹೆಸರನ್ನು, ಸ್ಟಫೈಲೊಕಾಕಸ್ ಎಂದಷ್ಟೇ ಹೇಳಿದೆ. ಆಗಲೇ ಶುರುವಾಗಿದ್ದ ಸೆಫ್ಟ್ರಿಯಾಕ್ಸೋನ್, ಅಜಿತ್ರೋಮೈಸಿನ್ ಮತ್ತು ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಜೊತೆಗೆ ವ್ಯಾಂಕೋಮೈಸಿನ್ ಸೇರಿಸಿದರು. ತೂಕದ ಲೆಕ್ಕದಲ್ಲಿ ಮೊದಲ ಡೋಸ್ 2 ಗ್ರಾಂ ಹೋಯಿತು. ಬೆಳಗಿನ ಜಾವ ಮೂರಕ್ಕೆ ಹುಡುಗನನ್ನು ವೆಂಟಿಲೇಟರಿಗೆ ಹಾಕಬೇಕಾಯಿತು. ಎರಡು ದಿನದ ಬಳಿಕ ಬಂದ ಗಂಟಲಿನ ಮಾದರಿಯ ವರದಿ ಇನ್‌ಫ್ಲುಯೆಂಜಾ ಎ ಇರುವುದನ್ನು ದೃಢಪಡಿಸಿತು. ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನು ಕಿತ್ತು ಹಾಕಿದ ಮೇಲೆ ಮೂಗಿನಲ್ಲಿ ಸುಮ್ಮನೆ ಕುಳಿತಿದ್ದ ಸ್ಟಫೈಲೊಕಾಕಸ್ ಕೆಳಗಿಳಿಯುವುದು ಬಹಳ ಹಿಂದಿನಿಂದ ತಿಳಿದಿರುವ ದಾರಿ.

ಮರುದಿನ ಬೆಳಿಗ್ಗೆ ರಕ್ತ ಬೆರೆಸಿದ ಅಗಾರ್ ಎಂಬ ಬೆಳೆಸುವ ಮಾಧ್ಯಮದ ಮೇಲೆ ಹೊಂಬಣ್ಣದ ಗುಂಪುಗಳು ಬೆಳೆದಿದ್ದವು, ಪ್ರತಿಯೊಂದರ ಸುತ್ತ ರಕ್ತಕಣಗಳು ಕರಗಿ ತಿಳಿಯಾದ ವೃತ್ತ. ಕೊಯಾಗ್ಯುಲೇಸ್ ಪರೀಕ್ಷೆಯ ನಳಿಕೆಯನ್ನು ಓರೆ ಮಾಡಿದಾಗ ಪ್ಲಾಸ್ಮಾ ಮೊಸರಿನಂತೆ ಗಟ್ಟಿಯಾಗಿ ನಿಂತಿತ್ತು. ಇದು ಸ್ಟಫೈಲೊಕಾಕಸ್ ಔರಿಯಸ್. ಅದರ ಮರುದಿನ, ಬ್ಯಾಕ್ಟೀರಿಯಾ ಹರಡಿ ಅದರ ಮೇಲೆ ಔಷಧ ತುಂಬಿದ ಬಿಲ್ಲೆಗಳನ್ನು ಇಟ್ಟಿದ್ದ ತಟ್ಟೆ ಓದಿದೆ. ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ ಬೆಳವಣಿಗೆ ನಿಂತ ವಲಯ ಕನಿಷ್ಠ 22 ಮಿಲಿಮೀಟರ್ ಇದ್ದರೆ ಮಾತ್ರ ಈ ಬ್ಯಾಕ್ಟೀರಿಯಾ ಪೆನಿಸಿಲಿನ್ ಕುಲಕ್ಕೆ ಸೇರಿದ ಮೆಥಿಸಿಲಿನ್ ಗುಂಪಿನ ಔಷಧಗಳಿಗೆ ಮಣಿಯುತ್ತದೆ. ನನ್ನ ಅಳತೆಪಟ್ಟಿಯಲ್ಲಿ ಬಂದದ್ದು 12. ಪೆನಿಸಿಲಿನ್, ಸಿಪ್ರೊಫ್ಲಾಕ್ಸಸಿನ್, ಜೆಂಟಾಮೈಸಿನ್ ಮತ್ತು ಎರಿತ್ರೋಮೈಸಿನ್‌ಗಳಿಗೂ ಅದು ಬಗ್ಗಿರಲಿಲ್ಲ. ಲಿನೆಜೊಲಿಡ್ ಬಿಲ್ಲೆಯ ಸುತ್ತಲಿನ ವಲಯ ವಿಶಾಲವಾಗಿತ್ತು. ವ್ಯಾಂಕೋಮೈಸಿನ್ ವಿಷಯದಲ್ಲಿ ಬಿಲ್ಲೆಯನ್ನು ನಂಬುವಂತಿಲ್ಲವಾದ್ದರಿಂದ ದ್ರವದಲ್ಲಿ ದುರ್ಬಲಗೊಳಿಸುತ್ತ ಹೋಗುವ ಕ್ರಮದಿಂದ ಅಳೆದೆವು. ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಬಂತು, ಔಷಧ ನಡೆಯುತ್ತದೆ ಎನ್ನಬಹುದಾದ ಗರಿಷ್ಠ ಮಿತಿ 2.

ಅದೇ ತಟ್ಟೆಯಲ್ಲಿ ಕ್ಲಿಂಡಾಮೈಸಿನ್ ಬಿಲ್ಲೆ ಮೇಲ್ನೋಟಕ್ಕೆ ಒಳ್ಳೆಯ ಸುದ್ದಿ ಹೇಳುತ್ತಿತ್ತು. ಅದರ ವಲಯ ದೊಡ್ಡದಿತ್ತು. ಆದರೆ ಎರಿತ್ರೋಮೈಸಿನ್ ಬಿಲ್ಲೆಯತ್ತ ಇರುವ ಮಗ್ಗುಲಲ್ಲಿ ಆ ವೃತ್ತ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುತ್ತಿತ್ತು. ಎರಿತ್ರೋಮೈಸಿನ್ ವಾಸನೆ ಬಡಿದ ಕೂಡಲೇ ಬ್ಯಾಕ್ಟೀರಿಯಾ ಅಡಗಿಸಿಟ್ಟ ಪ್ರತಿರೋಧವನ್ನು ಹೊರತೆಗೆಯುತ್ತದೆ ಎಂಬುದು ಇದರ ಅರ್ಥ. ಅಂಥಲ್ಲಿ ಕ್ಲಿಂಡಾಮೈಸಿನ್ ಕೊಟ್ಟರೆ ಚಿಕಿತ್ಸೆಯ ನಡುವೆಯೇ ಕೈಕೊಡಬಹುದು. ಎರಡು ಬಿಲ್ಲೆಗಳನ್ನು ತಕ್ಕ ಅಂತರದಲ್ಲಿ ಪಕ್ಕಪಕ್ಕ ಇಡುವುದನ್ನು ಬಿಟ್ಟರೆ ಈ ಪರೀಕ್ಷೆಗೆ ಬೇರೆ ಖರ್ಚಿಲ್ಲ. ಬಿಲ್ಲೆಗಳನ್ನು ದೂರ ದೂರ ಇಟ್ಟಿದ್ದರೆ ನಾನು ಕ್ಲಿಂಡಾಮೈಸಿನ್ ನಡೆಯುತ್ತದೆ ಎಂದು ವರದಿ ಬರೆದುಬಿಡುತ್ತಿದ್ದೆ.

ಮೆಥಿಸಿಲಿನ್ ಬಳಕೆಗೆ ಬಂದ ಒಂದೆರಡು ವರ್ಷಗಳಲ್ಲೇ, 1961ರಲ್ಲಿ, ಇಂಗ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಸ್ಟಫೈಲೊಕಾಕಸ್ ವರದಿಯಾಯಿತು. ಮೆಕ್‌ಎ ಎಂಬ ವಂಶವಾಹಿಯ ನೆರವಿನಿಂದ ಈ ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯನ್ನು ಕಟ್ಟುವ ಬದಲಿ ಕಿಣ್ವವೊಂದನ್ನು ತಯಾರಿಸಿಕೊಳ್ಳುತ್ತದೆ. ಪೆನಿಸಿಲಿನ್ ಕುಲದ ಔಷಧಗಳಾಗಲಿ ಬಳಕೆಯಲ್ಲಿರುವ ಬಹುತೇಕ ಸೆಫಲೊಸ್ಪೋರಿನ್‌ಗಳಾಗಲಿ ಆ ಕಿಣ್ವಕ್ಕೆ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಜಗ್ಗದ ಸ್ಟಫೈಲೊಕಾಕಸ್ ಔರಿಯಸ್, ಎಂಬ ಹೆಸರು ಬಂದದ್ದು ಹೀಗೆ. ದೀರ್ಘಕಾಲ ಅದು ಆಸ್ಪತ್ರೆಯ ರೋಗಾಣುವಾಗಿತ್ತು: ವೃದ್ಧರು, ಶಸ್ತ್ರಚಿಕಿತ್ಸೆಯಾದವರು, ನಳಿಕೆ ಹಾಕಿಸಿಕೊಂಡವರು ಅದರ ಗುರಿಯಾಗಿದ್ದರು. 1999ರಲ್ಲಿ ಅಮೆರಿಕದ ಮಿನ್ನೆಸೋಟ ಮತ್ತು ನಾರ್ತ್ ಡಕೋಟ ರಾಜ್ಯಗಳಿಂದ ಆಸ್ಪತ್ರೆಯ ಸಂಪರ್ಕವಿಲ್ಲದ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ನಾಲ್ಕು ಮಕ್ಕಳ ಸಾವು ವರದಿಯಾದಾಗ ಆ ತಿಳಿವಳಿಕೆ ಕದಲಿತು. ಊರಿನ ನಡುವೆ ಓಡಾಡುವ ಈ ಹೊಸ ತಳಿಗಳು ಪ್ರತಿರೋಧದ ಹಗುರವಾದ ಗಂಟೊಂದನ್ನು ಹೊತ್ತಿರುತ್ತವೆ, ಆದ್ದರಿಂದ ಬೇಗ ಬೆಳೆಯುತ್ತವೆ. ಮೈಗೆ ಮೈ ತಾಗುವ ಕಡೆ, ಅಂದರೆ ವಸತಿನಿಲಯ, ಸೇನಾ ಶಿಬಿರ, ಜೈಲು, ಕುಸ್ತಿಯ ಅಖಾಡಗಳಲ್ಲಿ, ಸುಲಭವಾಗಿ ಹಬ್ಬುತ್ತವೆ.

ನಮ್ಮ ಉಪಖಂಡದ್ದೇ ಆದ ಒಂದು ತಳಿಯೂ ಇದೆ. ಎಸ್‌ಟಿ772 ಎಂಬ ಸಂಖ್ಯೆಯ, ಬೆಂಗಾಲ್ ಬೇ ಎಂದು ಕರೆಯಲಾಗುವ ಇದರ ವಂಶಾವಳಿಯನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಿಡಿಸಿ ನೋಡಿ, ಅದು ಭಾರತ ಉಪಖಂಡದಲ್ಲಿ ಹುಟ್ಟಿ ಪ್ರವಾಸಿಗರ ಜೊತೆ, ಊರಿಗೆ ಬಂದುಹೋಗುವ ಕುಟುಂಬಗಳ ಜೊತೆ ಬೇರೆ ಖಂಡಗಳಿಗೆ ಹೋಯಿತೆಂದು ತೋರಿಸಿತು. ಇತರ ದೇಶಗಳ ಸಮುದಾಯ ತಳಿಗಳು ಸಾಮಾನ್ಯವಾಗಿ ಕೆಲವೇ ಔಷಧಗಳಿಗೆ ಜಗ್ಗದಿದ್ದರೆ, ಇದು ಹಲವು ಔಷಧಗಳ ಪ್ರತಿರೋಧವನ್ನು ಒಟ್ಟಿಗೇ ಹೊತ್ತು ತಿರುಗುತ್ತದೆ. ನಮ್ಮ ಹುಡುಗನ ತಳಿಗೆ ವಂಶವಾಹಿಗಳ ಪೂರ್ಣ ಅನುಕ್ರಮ ಪರೀಕ್ಷೆ ಮಾಡಿಸಲಿಲ್ಲವಾದ್ದರಿಂದ ಅದಕ್ಕೆ ಈ ಹೆಸರು ಹಚ್ಚುವ ಅಧಿಕಾರ ನನಗಿಲ್ಲ.

ಪ್ರತಿರೋಧದ ವಿಷಯ ಇಷ್ಟು. ಆದರೆ ಹುಡುಗನ ಶ್ವಾಸಕೋಶವನ್ನು ಕೊರೆದದ್ದು ಪ್ರತಿರೋಧವಲ್ಲ. ಪ್ರತಿರೋಧವು ಬ್ಯಾಕ್ಟೀರಿಯಾಕ್ಕೆ ಐದು ವಾರಗಳ ಕಾಲಾವಕಾಶ ಕೊಟ್ಟಿತು, ಕೊರೆದದ್ದು ವಿಷ. ಈ ಎರಡನ್ನೂ ಒಂದೇ ಎಂದು ಭಾವಿಸುವುದು ವೈದ್ಯ ವಿದ್ಯಾರ್ಥಿಗಳಲ್ಲೂ ಸಾಮಾನ್ಯ. ಔಷಧಕ್ಕೆ ಸುಲಭವಾಗಿ ಮಣಿಯುವ ಸ್ಟಫೈಲೊಕಾಕಸ್ ಕೂಡ ಇದೇ ವಿಷವನ್ನು ಉಗುಳಬಲ್ಲದು, ಔಷಧಕ್ಕೆ ಜಗ್ಗದ ಎಷ್ಟೋ ತಳಿಗಳಲ್ಲಿ ಈ ವಿಷವೇ ಇರುವುದಿಲ್ಲ. ಇದರ ಹೆಸರು ಪ್ಯಾಂಟನ್-ವ್ಯಾಲೆಂಟೈನ್ ಲ್ಯೂಕೊಸಿಡಿನ್, ಚಿಕ್ಕದಾಗಿ ಪಿವಿಎಲ್. 1932ರಲ್ಲಿ ಇದನ್ನು ಚರ್ಮದ ಸೋಂಕುಗಳೊಂದಿಗೆ ಜೋಡಿಸಿ ವಿವರಿಸಿದ ಇಬ್ಬರ ಹೆಸರು ಅದಕ್ಕೆ ಅಂಟಿಕೊಂಡಿದೆ. ಇದರ ವಂಶವಾಹಿಗಳು ಬ್ಯಾಕ್ಟೀರಿಯಾದ ಸ್ವಂತ ಆಸ್ತಿಯಲ್ಲ, ಅದರೊಳಗೆ ಹೊಕ್ಕ ವೈರಸ್ ತಂದಿಟ್ಟವು. ವಿಷ ಎರಡು ತುಂಡುಗಳಲ್ಲಿ ಹೊರಬರುತ್ತದೆ. ಮೊದಲ ತುಂಡು ನ್ಯೂಟ್ರೊಫಿಲ್ ಎಂಬ ಬಿಳಿಕಣದ ಮೇಲಿರುವ ಸಿ5ಎ ಗ್ರಾಹಕವನ್ನು ಹಿಡಿದುಕೊಳ್ಳುತ್ತದೆ, ಎರಡನೆಯದು ಬಂದು ಕೂಡಿಕೊಳ್ಳುತ್ತದೆ, ಹೀಗೆ ನಾಲ್ಕು ಜೋಡಿಗಳು ಸೇರಿ ಕಣದ ಪೊರೆಯಲ್ಲಿ ತೂತು ಕೊರೆಯುತ್ತವೆ. ಒಡೆದ ನ್ಯೂಟ್ರೊಫಿಲ್ ತನ್ನೊಳಗಿದ್ದ ಕರಗಿಸುವ ಕಿಣ್ವಗಳನ್ನು ಸುತ್ತಲಿನ ಅಂಗಾಂಶದ ಮೇಲೇ ಸುರಿಯುತ್ತದೆ. ಶ್ವಾಸಕೋಶ ಕೊಳೆಯುವುದೂ, ಕಫದಲ್ಲಿ ರಕ್ತ ಬರುವುದೂ, ರಕ್ತದ ಎಣಿಕೆ 1,900ಕ್ಕೆ ಕುಸಿಯುವುದೂ ಇದರಿಂದ ಅರ್ಥವಾಗುತ್ತವೆ.

ಈ ವಿಷಕ್ಕೆ ನಿಜಕ್ಕೂ ಅಷ್ಟು ಮಹತ್ವವಿದೆಯೇ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಪಿವಿಎಲ್ ಇದ್ದರೂ ಇಲ್ಲದಿದ್ದರೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ ಇಲಿಯ ನ್ಯೂಟ್ರೊಫಿಲ್‌ಗೆ ಈ ವಿಷ ಸರಿಯಾಗಿ ಅಂಟುವುದೇ ಇಲ್ಲ, ಮನುಷ್ಯನದಕ್ಕೂ ಮೊಲದ್ದಕ್ಕೂ ಅಂಟುತ್ತದೆ. 2002ರಲ್ಲಿ ಫ್ರಾನ್ಸಿನ ವೈದ್ಯರು ಸ್ಟಫೈಲೊಕಾಕಸ್ ನ್ಯುಮೋನಿಯಾದ ರೋಗಿಗಳನ್ನು ಹೋಲಿಸಿ ನೋಡಿದಾಗ ಪಿವಿಎಲ್ ಇದ್ದವರು ಹೆಚ್ಚಾಗಿ ಹರೆಯದವರು, ಹಲವರಿಗೆ ಮೊದಲು ಫ್ಲೂ ತರಹದ ಜ್ವರ ಬಂದಿತ್ತು, ಮತ್ತು ಆಸ್ಪತ್ರೆ ಸೇರಿದ 48 ಗಂಟೆಗಳ ನಂತರ ಬದುಕುಳಿದವರು ಶೇ 63. ಪಿವಿಎಲ್ ಇಲ್ಲದವರಲ್ಲಿ ಅದು ಶೇ 94 ಇತ್ತು. ನಮ್ಮ ಹುಡುಗನ ಮಾದರಿಯನ್ನು ಬೆಂಗಳೂರಿಗೆ ಕಳುಹಿಸಿ ವಂಶವಾಹಿ ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡಿಸಿದೆವು. ಮೆಕ್‌ಎ, ಪಿವಿಎಲ್ ಎರಡೂ ಇವೆ ಎಂಬ ಉತ್ತರ ಹನ್ನೊಂದನೆಯ ದಿನ ಬಂತು. ಚಿಕಿತ್ಸೆಯ ಮಟ್ಟಿಗೆ ಅದು ಮುಗಿದ ಮದುವೆಗೆ ಬಂದ ಉಡುಗೊರೆಯಂತಿತ್ತು.

ಉತ್ತರಕ್ಕಾಗಿ ಕಾಯುವಂತಿರಲಿಲ್ಲವಾದ್ದರಿಂದ ವಿಷ ಇದೆಯೆಂದೇ ಹಿಡಿದು ಚಿಕಿತ್ಸೆ ನಡೆಸಲಾಯಿತು. ವ್ಯಾಂಕೋಮೈಸಿನ್ ಕೋಶಭಿತ್ತಿಯನ್ನು ಕೆಡಿಸುವ ಔಷಧ. ವಿಷದ ಉತ್ಪಾದನೆಯನ್ನು ಅದು ನೇರವಾಗಿ ತಡೆಯುವುದಿಲ್ಲ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುವ ಕ್ಲಿಂಡಾಮೈಸಿನ್ ಮತ್ತು ಲಿನೆಜೊಲಿಡ್, ವಿಷವೂ ಪ್ರೋಟೀನೇ ಆದ್ದರಿಂದ, ಅದನ್ನೂ ನಿಲ್ಲಿಸುತ್ತವೆ. ಮೆಥಿಸಿಲಿನ್ ಗುಂಪಿನ ಔಷಧ ಸಾಲದ ಪ್ರಮಾಣದಲ್ಲಿ ತಾಗಿದಾಗ ವಿಷದ ಉತ್ಪಾದನೆ ಹೆಚ್ಚುವುದೂ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಡಿ ಆಕಾರದ ವಲಯ ಕ್ಲಿಂಡಾಮೈಸಿನ್ ದಾರಿಯನ್ನು ಮುಚ್ಚಿದ್ದರಿಂದ ಮೂರನೆಯ ದಿನ ಲಿನೆಜೊಲಿಡ್ 600 ಮಿಲಿಗ್ರಾಂ ದಿನಕ್ಕೆ ಎರಡು ಸಲ ಶುರುವಾಯಿತು. ದೂರದೂರಿನ ಸಂಬಂಧಿಕರೊಬ್ಬರು ಡ್ಯಾಪ್ಟೊಮೈಸಿನ್ ಇನ್ನೂ ದುಬಾರಿ, ಇನ್ನೂ ಪವರ್‌ಫುಲ್, ಅದನ್ನೇ ಕೊಡಿ ಎಂದು ಒತ್ತಾಯಿಸಿದರು. ಶ್ವಾಸಕೋಶದ ಗಾಳಿಚೀಲಗಳ ಒಳಗಿರುವ ಜಿಡ್ಡಿನ ದ್ರವ ಆ ಔಷಧವನ್ನು ನಿಷ್ಕ್ರಿಯಗೊಳಿಸುತ್ತದೆ, ಆದ್ದರಿಂದ ನ್ಯುಮೋನಿಯಾಕ್ಕೆ ಅದನ್ನು ಬಳಸುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಲು ಐಸಿಯು ವೈದ್ಯರಿಗೆ ಅರ್ಧ ಗಂಟೆ ಹಿಡಿಯಿತು.

ನಾಲ್ಕನೆಯ ದಿನದ ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಗಾಳಿ ತುಂಬಿದ ಗುಳಿಗಳು ಕಂಡವು. ಆರನೆಯ ದಿನ ಅವುಗಳಲ್ಲೊಂದು ಒಡೆದು ಎದೆಗೂಡಿನೊಳಗೆ ಗಾಳಿಯೂ ಕೀವೂ ಸೇರಿದ್ದರಿಂದ ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿದರು. ಒಂಬತ್ತನೆಯ ದಿನ ಪ್ಲೇಟ್‌ಲೆಟ್‌ಗಳು 2.4 ಲಕ್ಷಕ್ಕೇರಿದ್ದವು, ಲಿನೆಜೊಲಿಡ್‌ನ ಹದಿಮೂರನೆಯ ದಿನಕ್ಕೆ 85,000ಕ್ಕೆ ಇಳಿದವು. ಇದು ಆ ಔಷಧದ ತಿಳಿದಿರುವ ಅಡ್ಡಪರಿಣಾಮ. ಅದನ್ನು ನಿಲ್ಲಿಸಿ, ರಕ್ತದಲ್ಲಿನ ಮಟ್ಟ ನೋಡುತ್ತ ಮತ್ತೆ ವ್ಯಾಂಕೋಮೈಸಿನ್ ಕೊಟ್ಟರು. ಮೂವತ್ತನಾಲ್ಕನೆಯ ದಿನ ಹುಡುಗ ನಡೆದೇ ಮನೆಗೆ ಹೋದ. ತೂಕ 58 ಕಿಲೋ ಆಗಿತ್ತು.

ಅವನು ಇನ್ನೂ ಐಸಿಯುನಲ್ಲಿದ್ದಾಗಲೇ ನಾನೂ ಸಮುದಾಯ ವೈದ್ಯ ವಿಭಾಗದ ಸಹೋದ್ಯೋಗಿಯೊಬ್ಬರೂ ಆ ತಾಲೀಮಿಗೆ ಹೋಗಿದ್ದೆವು. ತಗ್ಗಾದ ಬಾಗಿಲು, ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆಗಳು, ನಡುವೆ ಸಡಿಲು ಮಾಡಿದ ಕೆಂಪು ಮಣ್ಣಿನ ಅಖಾಡ. ನಾವು ಮಣ್ಣಿನ ಮಾದರಿ ತೆಗೆಯಲು ಬಗ್ಗಿದಾಗ ಕುಸ್ತಿ ಕಲಿಸುವ ವಸ್ತಾದರ ಮುಖ ಬಿಗಿಯಿತು.

“ಮಣ್ಣಿಗೆ ಹೆಸರ ಇಡಬ್ಯಾಡ್ರಿ ಸಾಹೇಬ್ರ. ಅರಿಷಿಣ, ಮಜ್ಜಿಗಿ, ಎಣ್ಣಿ ಹಾಕಿ ಹದಾ ಮಾಡಿದ ಮಣ್ಣಿದು. ನಮ್ಮಪ್ಪನ ಕಾಲದಿಂದ ಇದರಾಗ ಹೊಳ್ಳ್ಯಾಡೇವಿ, ಯಾರಿಗೂ ಹಿಂಗ ಆಗಿಲ್ಲ.”

ವಸ್ತಾದರ ಮಾತು ಬಹುಮಟ್ಟಿಗೆ ನಿಂತಿತು. ಮಣ್ಣಿನ ನಾಲ್ಕು ಮಾದರಿಗಳಲ್ಲೂ ಈ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ನಾಲ್ಕು ಮಾದರಿಗಳಿಂದ ಮಣ್ಣು ನಿರ್ದೋಷಿ ಎಂದು ತೀರ್ಪು ಕೊಡಲಾಗದು, ನಿಜ. ಆದರೆ ಬಾಗಿಲ ಹಿಂದಿನ ಗೂಟಕ್ಕೆ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದ ಎರಡೇ ಎರಡು ಟವೆಲ್‌ಗಳು ನೇತಾಡುತ್ತಿದ್ದವು, ಕಿಟಕಿಯ ಮೇಲೆ ಎಲ್ಲರೂ ಬಳಸುತ್ತಿದ್ದ ಒಂದು ಬ್ಲೇಡ್ ಹಿಡಿಕೆ ಇತ್ತು, ಮತ್ತು ಆ ಎರಡರಲ್ಲೊಂದು ಟವೆಲ್ಲಿನಿಂದ ಅದೇ ಪ್ರತಿರೋಧದ ಮಾದರಿಯ ಎಂಆರ್‌ಎಸ್‌ಎ ಬೆಳೆಯಿತು. ಹದಿನಾಲ್ಕು ಹುಡುಗರ ಮೂಗಿನ ಮಾದರಿ ತೆಗೆದದ್ದರಲ್ಲಿ ಮೂವರಲ್ಲಿ ಅದು ಸಿಕ್ಕಿತು, ಅವರಲ್ಲಿ ಒಬ್ಬನಿಗೆ ಕುರುವೇ ಆಗಿರಲಿಲ್ಲ. ಮನೆಯಲ್ಲಿ ತಂಗಿಯ ಮೂಗಿನಲ್ಲೂ ಇತ್ತು. ಈ ನಾಲ್ವರಿಗೆ ಐದು ದಿನ ಮೂಗಿಗೆ ಮುಪಿರೋಸಿನ್ ಮುಲಾಮು, ಮೈಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಸ್ನಾನ. ಹಾಸಿಗೆ, ಬಟ್ಟೆ, ಲಂಗೋಟಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು. ಮೈಮೇಲೆ ಒದ್ದೆ ಗಾಯವಿದ್ದವನು ಅದು ಒಣಗುವವರೆಗೆ ಅಖಾಡಕ್ಕೆ ಇಳಿಯದಿರುವುದು. ಮುಲಾಮಿನ ವಿಷಯದಲ್ಲಿ ಎರಡನೆಯ ದಿನಕ್ಕೇ ಆಲಸ್ಯ ಶುರುವಾಗಿತ್ತು. ಟವೆಲ್ಲಿನ ವಿಷಯದಲ್ಲಿ ವಸ್ತಾದರು ಹೇಳಿದ್ದನ್ನು ಮೀರಿಯೇ ಮಾಡಿದರು: ಗೋಡೆಗೆ ಹದಿನಾಲ್ಕು ಮೊಳೆ ಹೊಡೆದು, ಪ್ರತಿಯೊಂದರ ಮೇಲೆ ಸುಣ್ಣದಲ್ಲಿ ಹೆಸರು ಬರೆಸಿದರು.

ಗುಳಿಗೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸೆಫಿಕ್ಸಿಮ್ ಸ್ಟಫೈಲೊಕಾಕಸ್ ವಿರುದ್ಧ, ಅದು ಪ್ರತಿರೋಧವಿಲ್ಲದ ತಳಿಯಾಗಿದ್ದರೂ, ದುರ್ಬಲ ಔಷಧ. ಕುರುವಿಗೆ ಅದನ್ನು ಕೊಟ್ಟದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಜೊತೆಗೆ ಅದು 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿರುವ ಔಷಧ. ಮಾರಿದಾಗ ಬರೆದುಕೊಟ್ಟ ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಅಮಾಕ್ಸಿಸಿಲಿನ್‌ಗೂ ವೈದ್ಯರ ಚೀಟಿ ಬೇಕು. ಆದರೂ ಅಂಗಡಿಯವನ ಮೇಲೆ ಎಲ್ಲ ಭಾರ ಹೊರಿಸಲು ನನಗೆ ಮನಸ್ಸಿಲ್ಲ. ಆಗ ಕಬ್ಬು ಕಡಿಯುವ ಹಂಗಾಮು ನಡೆದಿತ್ತು. ತಂದೆ ಒಂದು ದಿನ ಬಾಗಲಕೋಟೆಗೆ ಬಂದರೆ ಆ ದಿನದ ಕೂಲಿ ಹೋಗುತ್ತಿತ್ತು, ಬಂದರೂ ಕುರುವನ್ನು ಕೊಯ್ದು ಕೀವು ತೆಗೆದು ಕಲ್ಚರಿಗೆ ಕಳುಹಿಸುವ ಬದಲು ಇನ್ನೊಂದು ದುಬಾರಿ ಗುಳಿಗೆ ಬರೆದುಕೊಡುವ ವೈದ್ಯರೇ ಸಿಗುವ ಸಂಭವ ಹೆಚ್ಚಿತ್ತು. ನಮ್ಮ ಪ್ರಯೋಗಾಲಯಕ್ಕೆ ಹೊರರೋಗಿಗಳ ಕುರುವಿನ ಕೀವು ಬರುವುದು ತೀರ ಅಪರೂಪವಾಗಿತ್ತು. ಅದು ಏಕೆ ಬರುತ್ತಿಲ್ಲ ಎಂದು ನಾನೂ ಆವರೆಗೆ ಯಾರನ್ನೂ ಕೇಳಿರಲಿಲ್ಲ.

ಹುಡುಗ ಈಗ ಕುಸ್ತಿ ಆಡುವುದಿಲ್ಲ. ಮೆಟ್ಟಿಲು ಹತ್ತುವಾಗ ಉಸಿರು ಸ್ವಲ್ಪ ಕಟ್ಟುತ್ತದೆ; ತಾಲೀಮಿಗೆ ಹೋಗಿ ಚಿಕ್ಕವರಿಗೆ ಪಟ್ಟುಗಳನ್ನು ಹೇಳಿಕೊಡುತ್ತಾನೆ. ಮಳೆಗಾಲ ಶುರುವಾದ ಮೇಲೆ ಒಂದು ದಿನ ವಸ್ತಾದರ ಫೋನ್ ಬಂತು.

“ಸಣ್ಣ ಹುಡುಗಗ ಕುಂಡಿಮ್ಯಾಲೆ ಕುರು ಆಗೇತ್ರಿ ಸಾಹೇಬ್ರ. ಗುಳಿಗಿ ಕೊಡಿಸಿಲ್ಲ. ಹಂಗ ಕರಕೊಂಡ ಬರಲೇನ್ರಿ?”

ಮರುದಿನ ಬೆಳಗಿನ ಬಸ್ಸಿಗೆ ಬಂದರು. ಶಸ್ತ್ರಚಿಕಿತ್ಸಕರು ಮರಗಟ್ಟಿಸುವ ಸೂಜಿ ಹಾಕಿ, ಕೊಯ್ದು, ಕೀವು ತೆಗೆದು, ಗಾಯಕ್ಕೆ ಪಟ್ಟಿ ಕಟ್ಟಿ, ಪ್ರತಿಜೀವಕ ಬರೆಯದೆ ಕಳುಹಿಸಿದರು. ಕೀವು ನನ್ನ ಮೇಜಿಗೆ ಬಂತು. ಎರಡು ದಿನದ ನಂತರ ಸೆಫಾಕ್ಸಿಟಿನ್ ಬಿಲ್ಲೆಯ ಸುತ್ತ ಅಳತೆಪಟ್ಟಿ ಇಟ್ಟಾಗ 26 ಮಿಲಿಮೀಟರ್ ತೋರಿಸಿತು: ಸಾಮಾನ್ಯ ಸ್ಟಫೈಲೊಕಾಕಸ್, ಹಳೆಯ ಔಷಧಗಳಿಗೂ ಮಣಿಯುವಂಥದ್ದು. ಫೋನ್ ಮಾಡಿ ತಿಳಿಸುವ ಹೊತ್ತಿಗೆ ಗಾಯ ಒಣಗತೊಡಗಿತ್ತು.